ಚಕ್ರದಡಿಯ ಲಿಂಬೆ

ಲಿಂಬೆಹಣ್ಣು ಕೊಳ್ಳಲು ಬರುವವರಲ್ಲಿ ಎರಡು ಪಂಗಡಗಳಿವೆ ಎಂಬುದನ್ನು ಮಂಗಳೂರಿನ ಕುದ್ರೋಳಿಯ ನನ್ನ ಜೀನಸಿನ ಅಂಗಡಿಯಲ್ಲಿ ಕುಳಿತು ಕುಳಿತು ನಾನು ಕಂಡುಕೊಂಡಿದ್ದೇನೆ. ಮೊದಲನೆಯ ಪಂಗಡದವರು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ, ಮೂಗಿನ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ, ಮಗಳಿಗೆ ಗಂಡು ನೋಡುವವರಂತೆ ಪರೀಕ್ಷೆ ಮಾಡುತ್ತಾರೆ. ಅವರದ್ದು ಉಪ್ಪಿನಕಾಯಿಗೋ ಶರಬತ್ತಿಗೋ ಮೀನಿನ ಮಸಾಲೆಗೋ ಬೇಕಾದ ಹಣ್ಣು, ಒಳಗೆ ರಸ ಇರಲೇಬೇಕು. ಎರಡನೆಯ ಪಂಗಡದವರು ಒತ್ತುವುದೇ ಇಲ್ಲ. ಕಲೆ ಇಲ್ಲದ, ಗುಂಡಗಿನ, ಹಳದಿ ಬಣ್ಣದ ನಾಲ್ಕು ಕೊಡಿ ಎನ್ನುತ್ತಾರೆ, ಕೊಟ್ಟದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಆ ಹಣ್ಣು ಯಾರ ನಾಲಿಗೆಗೂ ಹೋಗುವಂಥದ್ದಲ್ಲ, ಗಾಡಿಯ ಚಕ್ರದಡಿಗೆ ಹೋಗುವಂಥದ್ದು. ಆಯುಧ ಪೂಜೆಯ ದಿನ ಈ ಎರಡನೆಯ ಪಂಗಡದ್ದೇ ರಾಜ್ಯ. ಹಾಗಾದರೆ ಅಂದು ಒಣಗಿದ ಹಣ್ಣನ್ನೂ ದಾಟಿಸಬಹುದಲ್ಲ ಎಂದು ನೀವು ಕೇಳಬಹುದು. ದಾಟಿಸಬಹುದು, ಆದರೆ ನನಗೆ ಮನಸ್ಸು ಬರುವುದಿಲ್ಲ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಮುದುಕ ಯಾರು ಎಂದು ನಿಮಗೆ ಕಿರಿಕಿರಿಯಾದೀತು. ನಾನು ಬ್ಯಾರಿ, ಈ ಕರಾವಳಿಯ ಮುಸಲ್ಮಾನ. ಮನೆಯಲ್ಲಿ ಬ್ಯಾರಿ ಭಾಷೆ, ಅಂಗಡಿಯಲ್ಲಿ ತುಳು, ಓದುವುದು ಬರೆಯುವುದು ಮಾತ್ರ ಶಾಲೆಯಲ್ಲಿ ಕಲಿತ ಕನ್ನಡ. ತಮ್ಮಂದಿರೆಲ್ಲ ಗಲ್ಫಿಗೆ ಹೋದರು. ನಾನು ತಂದೆಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನು ಇನ್ನೂ ಎದ್ದಿಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಎಂದು ಹೆಂಡತಿ ಜೊಹರಾ ಹೇಳುತ್ತಾಳೆ, ಹೇಳುವಾಗ ಅವಳ ಮೂಗೂ ಕೆಂಪಾಗಿರುತ್ತದೆ. ಮಾತು ಸ್ವಲ್ಪ ಉದ್ದ ಎಂಬುದನ್ನು ಮಾತ್ರ ನಾನೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಅಂಗಡಿಯ ಹಿಂದೆ ಒಂದು ಬಯಲು ಇದೆ. ಮನೆಮನೆಯ ಕಸ ಒಯ್ಯುವ ಗಾಡಿಗಳು ಸಂಜೆ ಅಲ್ಲಿ ಬಂದು ನಿಲ್ಲುತ್ತವೆ. ಬೆಳಗ್ಗೆ ಹೊರಡುವ ಮೊದಲು ಆ ಗಾಡಿಯವರೆಲ್ಲ ನನ್ನ ಜಗಲಿಯಲ್ಲಿ ಚಾ ಕುಡಿಯುತ್ತಾರೆ, ಆಯುಧ ಪೂಜೆಗೆ ಲಿಂಬೆ, ಚರುಮುರಿ, ಬೆಲ್ಲ, ಬಾಳೆಹಣ್ಣು ನನ್ನಲ್ಲಿಂದಲೇ ಒಯ್ಯುತ್ತಾರೆ, ಪೂಜೆ ಮುಗಿದ ಮೇಲೆ ನನ್ನ ಹಳೆಯ ಸ್ಕೂಟರಿಗೂ ಒಂದು ಗೊಂಡೆ ಹೂವಿನ ಮಾಲೆ ಹಾಕಿ ಹೋಗುತ್ತಾರೆ. ನಾನು ಬೇಡ ಎಂದದ್ದಿಲ್ಲ. ಹೂ ಹಾಕಿಸಿಕೊಂಡ ಮೇಲಾದರೂ ಅದು ಒಂದೇ ಕಿಕ್ಕಿಗೆ ಸ್ಟಾರ್ಟ್ ಆದರೆ ಸಾಕು ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು.

ಆ ಗಾಡಿಗಳಲ್ಲಿ ಒಂದನ್ನು ಓಡಿಸುವವನು ವಾಮಂಜೂರಿನ ಉಮೇಶ. ಗದ್ದೆ ಇದ್ದ ಮನೆತನ. ಗದ್ದೆಯಿದ್ದ ಜಾಗದಲ್ಲಿ ಈಗ ಕಾಲೇಜು ಹುಡುಗರ ಬೈಕುಗಳು ನಿಲ್ಲುತ್ತವೆ. ಉಮೇಶ ಸೌದಿಯಲ್ಲಿ ದೊಡ್ಡ ಟ್ರೈಲರ್ ಓಡಿಸಿದವನು. ಮರಳುಗಾಡಿನಲ್ಲಿ ಮೈಲುಗಟ್ಟಲೆ ಒಂದೇ ನೇರಕ್ಕೆ ಹೋಗುತ್ತಿದ್ದವನಿಗೆ ನಮ್ಮ ಕುದ್ರೋಳಿ, ಮಣ್ಣಗುಡ್ಡದ ಓಣಿಗಳಲ್ಲಿ, ಅತ್ತ ಗೇಟು ಇತ್ತ ಚರಂಡಿ ಎಂಬಂಥ ಇಕ್ಕಟ್ಟಿನಲ್ಲಿ, ಗಾಡಿಯನ್ನು ರಿವರ್ಸ್ ತೆಗೆಯುವುದೆಂದರೆ ಒಂದು ಸಂತೋಷ. ಅವನು ಊರಿಗೆ ಬಂದು ಈ ಕೆಲಸಕ್ಕೆ ಸೇರಿದಾಗ ಅವನ ತಾಯಿ ಇಡೀ ವಾಮಂಜೂರಿಗೆ ಹೇಳಿಕೊಂಡು ಬಂದದ್ದು ಒಂದೇ ಮಾತು: ಮಗನಿಗೆ ಸರಕಾರಿ ಕೆಲಸ ಸಿಕ್ಕಿತು ಎಂದು.

ಸರಕಾರಿ ಕೆಲಸ! ಆ ಎರಡು ಶಬ್ದಗಳ ಮೇಲೆ ನಮ್ಮ ಜನರಿಗಿರುವ ಪ್ರೀತಿಯನ್ನು ನೋಡಿದರೆ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಕಸ ಸರಕಾರದ್ದು, ರಸ್ತೆ ಸರಕಾರದ್ದು, ಗಾಡಿಯ ಮೈಮೇಲೆ ಬರೆದಿರುವ ಸ್ವಚ್ಛತೆಯ ಉಪದೇಶವೂ ಸರಕಾರದ್ದೇ. ಆದರೆ ಅಂಗಿಯ ಬೆನ್ನ ಮೇಲಿರುವ ಹೆಸರು ಗುತ್ತಿಗೆದಾರನದ್ದು. ಆ ಗುತ್ತಿಗೆದಾರ ಎಲ್ಲಿಯವನೋ, ಅವನ ಮುಖವನ್ನು ನಮ್ಮ ಬಯಲಿನಲ್ಲಿ ಯಾರೂ ಕಂಡದ್ದಿಲ್ಲ. ಟೆಂಡರು ಬದಲಾದಾಗ ಅಂಗಿಯ ಬಣ್ಣ ಬದಲಾಗುತ್ತದೆ, ಒಳಗಿನ ಮೈ ಅದೇ, ಬೆವರೂ ಅದೇ. ಸಂಬಳದ ಮಾತೆತ್ತಿದರೆ ಗುತ್ತಿಗೆದಾರ ಸರಕಾರದ ಕಡೆ ಕೈ ತೋರಿಸುತ್ತಾನೆ, ಸರಕಾರ ಗುತ್ತಿಗೆದಾರನ ಕಡೆ ಕೈ ತೋರಿಸುತ್ತದೆ. ಆ ಎರಡು ಬೆರಳುಗಳ ನಡುವೆ ನಿಂತವನು ಅತ್ತ ಇತ್ತ ಕತ್ತು ತಿರುಗಿಸಿ ತಿರುಗಿಸಿ ಕೊನೆಗೆ ನನ್ನ ಜಗಲಿಗೆ ಬಂದು ಒಂದು ಚಾ ಕೇಳುತ್ತಾನೆ. ಧಣಿಯೊಬ್ಬ ಕೆಟ್ಟವನಾದರೂ ಎದುರಿಗಿದ್ದರೆ ಅವನ ಮುಖ ನೋಡಿ ಬೈಯಬಹುದು. ಧಣಿಯೇ ಕಾಣದಿದ್ದರೆ ಬೈಗಳು ಬಾಯಲ್ಲೇ ಉಳಿದು ಹಳಸುತ್ತದೆ.

ಉಮೇಶನ ತಕರಾರು ಏನೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಗಾಡಿ ಓಡಿಸುವವನು ಅವನು. ಆದರೆ ಗುತ್ತಿಗೆದಾರನ ಲೆಕ್ಕದಲ್ಲಿ ಅವನು ಡ್ರೈವರ್ ಅಲ್ಲ, ಹೆಲ್ಪರ್. ಅವನೊಬ್ಬನೇ ಅಲ್ಲ, ಬಯಲಿನ ಎಲ್ಲ ಡ್ರೈವರುಗಳೂ ಹೆಲ್ಪರುಗಳೇ. ಸರಕಾರ ಗೊತ್ತುಮಾಡಿದ ಕೂಲಿಯಲ್ಲಿ ಡ್ರೈವರನಿಗೆ ಹೆಚ್ಚು, ಹೆಲ್ಪರನಿಗೆ ಕಡಿಮೆ. ಆದ್ದರಿಂದ ಎಲ್ಲರನ್ನೂ ಹೆಲ್ಪರ್ ಎಂದು ಕರೆದುಬಿಟ್ಟರೆ ಗುತ್ತಿಗೆದಾರನಿಗೆ ಸುಖ. ನಾನು ವ್ಯಾಪಾರದವನು, ನನಗೆ ಇದು ಒಂದೇ ಏಟಿಗೆ ಅರ್ಥವಾಯಿತು. ನನ್ನಲ್ಲಿ ಒಳ್ಳೆಯ ಕುಚ್ಚಲಕ್ಕಿ ತೂಗಿಸಿಕೊಂಡು, ನುಚ್ಚಿನ ಬಿಲ್ಲು ಹಾಕು ಎಂದು ಯಾರಾದರೂ ಹೇಳಿದರೆ ನಾನು ಅವನನ್ನು ಜಗಲಿಯಿಂದ ಕೆಳಗೆ ಇಳಿಸದೆ ಬಿಡುವವನಲ್ಲ. ಮನುಷ್ಯನ ಕೈಕೆಲಸವನ್ನು ಹಾಗೆ ಕೊಳ್ಳುವಾಗ ಮಾತ್ರ ನಾವು ಅದನ್ನು ವ್ಯವಸ್ಥೆ ಎನ್ನುತ್ತೇವೆ.

ದುಡ್ಡಿನದ್ದು ಒಂದು ಕಡೆ ಇರಲಿ. ಉಮೇಶನ ಹೆದರಿಕೆ ಬೇರೆಯೇ ಇತ್ತು. ಅವನ ಜೊತೆಯ ಡ್ರೈವರ್ ಒಬ್ಬನ ಗಾಡಿ ಓಣಿಯಲ್ಲಿ ಒಂದು ಬೈಕಿಗೆ ತಾಗಿತು. ಬೈಕಿನವನ ಕಾಲು ಮುರಿಯಿತು. ಆಗ ಗುತ್ತಿಗೆದಾರನ ಕಡೆಯವರು ಹೇಳಿದ್ದು, ಇವನು ಹೆಲ್ಪರ್, ಗಾಡಿ ಮುಟ್ಟಲು ಇವನಿಗೆ ಯಾರು ಹೇಳಿದ್ದು, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು. ಆ ಪಾಪದವನು ಮನೆಯವಳ ಬಳೆ ಅಡವಿಟ್ಟು ಆಸ್ಪತ್ರೆಗೆ ಕಟ್ಟಿ, ಊರು ಬಿಟ್ಟು ಹೋದ. ಅಂದಿನಿಂದ ಉಮೇಶ ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ಇಳಿದು ನೋಡಿ ಮುಂದೆ ಹೋಗುತ್ತಿದ್ದ.

"ಕಾಕ, ಸೌದಿಯಲ್ಲಿ ಅಷ್ಟು ದೊಡ್ಡ ಟ್ರೈಲರ್ ಓಡಿಸುವಾಗ ನನಗೆ ಹೆದರಿಕೆ ಆಗಿಲ್ಲ," ಎಂದು ಒಂದು ದಿನ ಹೇಳಿದ. ನಮ್ಮ ಬದಿಯ ಹಿಂದೂ ಹುಡುಗರು ನನ್ನಂಥ ಬ್ಯಾರಿ ಮುದುಕರನ್ನು ಕಾಕ ಎನ್ನುತ್ತಾರೆ. "ಇಲ್ಲಿ ಈ ಪುಟ್ಟ ಗಾಡಿ ಓಡಿಸ್ಲಿಕ್ಕೆ ಹೆದರಿಕೆ ಆಗ್ತದೆ. ನಾಳೆ ಒಂದು ಮಗು ಅಡ್ಡ ಬಂದ್ರೆ ನಾನು ಡ್ರೈವರೇ ಅಲ್ಲ ಅಂತಾರೆ. ಮತ್ತೆ ನಾನು ಯಾರು?"

ನಾನು ಅವನಿಗೆ ಇನ್ನೊಂದು ಚಾ ಕೊಟ್ಟೆ.

ದಸರಾ ಹತ್ತಿರ ಬಂದು, ನಮ್ಮ ಕುದ್ರೋಳಿಯ ಬೀದಿಗಳಿಗೆಲ್ಲ ದೀಪದ ಸರ ಹಾಕುವ ಹೊತ್ತಿಗೆ, ಗಾಡಿಯವರು ಮುಷ್ಕರ ಹೂಡಿದರು. ಬೇಡಿಕೆ ಒಂದೇ: ಡ್ರೈವರನ್ನು ಡ್ರೈವರ್ ಎಂದು ಬರೆಯಿರಿ, ಡ್ರೈವರನ ಕೂಲಿ ಕೊಡಿ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಮೊದಲ ಮಾತುಕತೆ ನಡೆಯಿತು. ಅಲ್ಲಿ ಗುತ್ತಿಗೆದಾರನ ಮೆನೇಜರ್, ಇವರೆಲ್ಲ ಹೆಲ್ಪರುಗಳು, ಡ್ರೈವರುಗಳು ಬೇರೆಯೇ ಇದ್ದಾರೆ, ಅವರು ಈಗ ರಜೆಯಲ್ಲಿದ್ದಾರೆ ಎಂದು ಕಣ್ಣು ಮಿಟುಕಿಸದೆ ಹೇಳಿ ಎದ್ದು ಹೋದನಂತೆ.

ಇತ್ತ ನನ್ನ ಅಂಗಡಿಯ ಎದುರು ಕಸದ ರಾಶಿ ಬೆಳೆಯಿತು. ಬಂದರಿನ ಹತ್ತಿರದ ಕಸವೆಂದರೆ ಕಾಗದ, ಪ್ಲಾಸ್ಟಿಕ್ ಮಾತ್ರ ಅಲ್ಲ ಸ್ವಾಮೀ, ಮೀನಿನ ತಲೆ, ಸಿಗಡಿಯ ಸಿಪ್ಪೆ. ಮೇಲೆ ಬಣ್ಣಬಣ್ಣದ ದೀಪ, ಕೆಳಗೆ ನೊಣದ ಮೋಡ. ಗಿರಾಕಿಗಳು ಮೂಗು ಮುಚ್ಚಿಕೊಂಡು ಬಂದರು, ಆಮೇಲೆ ಬರುವುದನ್ನೇ ಬಿಟ್ಟರು. ಒಂದು ಬೆಳಗ್ಗೆ ನನ್ನ ಪಿತ್ತ ನೆತ್ತಿಗೇರಿತು.

"ಎಂತ ಸಾವು ಮಾರಾಯ ಇದು!" ಎಂದು ಉಮೇಶನ ಮೇಲೆ ಬೊಬ್ಬೆ ಹಾಕಿದೆ. "ಗುತ್ತಿಗೆದಾರನ ಮೇಲೆ ಸಿಟ್ಟಿದ್ರೆ ಅವನ ಮನೆ ಎದುರು ಹಾಕಿ. ನನ್ನ ಮೂಗು ಎಂತ ಪಾಪ ಮಾಡಿದೆ?"

ಉಮೇಶನಿಗಿಂತ ಮೊದಲು ಉತ್ತರ ಕೊಟ್ಟವರು ಜಯಂತಿಯಕ್ಕ. ಅವರು ಉಮೇಶನ ಗಾಡಿಯ ಹೆಲ್ಪರ್, ನಿಜವಾದ ಹೆಲ್ಪರ್. ಗಾಡಿಯ ಹಿಂದೆ ನಿಂತು, ಮನೆಮನೆಯ ಬಾಲ್ದಿ ಎತ್ತಿ ಸುರಿದು, ಹಸಿ ಕಸ ಒಣ ಕಸ ಬೇರೆ ಮಾಡುವವರು. ವಯಸ್ಸಿನಲ್ಲಿ ಉಮೇಶನಿಗಿಂತ ದೊಡ್ಡವರು, ಮಾತಿನಲ್ಲಿ ನಮ್ಮೆಲ್ಲರಿಗಿಂತ.

"ನಿಮ್ಮ ಮೂಗಿಗೆ ಈಗ ಗೊತ್ತಾಯ್ತಲ್ಲ ಕಾಕ," ಎಂದರು. "ನನ್ನ ಮೂಗಿಗೆ ದಿನಾ ಗೊತ್ತುಂಟು."

ಅವರು ನಗುತ್ತಲೇ ಹೇಳಿದ್ದು. ನಾನು ಅಂಗಡಿಯೊಳಗೆ ಹೋಗಿ ಊದುಬತ್ತಿ ಹಚ್ಚಿದೆ.

ಇನ್ನು ಆಯುಧ ಪೂಜೆಯ ಸಂಗತಿ. ಮುಷ್ಕರದಲ್ಲಿರುವವರು ಗಾಡಿಗೆ ಪೂಜೆ ಮಾಡಬಹುದೋ ಬಾರದೋ ಎಂಬ ಚರ್ಚೆ ನನ್ನ ಜಗಲಿಯಲ್ಲೇ ನಡೆಯಿತು. ಗಾಡಿ ಮುಟ್ಟುವುದಿಲ್ಲ ಎಂದು ಹೇಳಿದ ಮೇಲೆ ಮುಟ್ಟಬಾರದು ಎಂದು ಕೆಲವರು. ಪೂಜೆ ತಪ್ಪಿಸಿದರೆ ವರ್ಷವಿಡೀ ಮಂಡೆಬಿಸಿ ಎಂದು ಕೆಲವರು. ಗಾಡಿ ಗುತ್ತಿಗೆದಾರನದ್ದು, ಪೂಜೆಯನ್ನೂ ಅವನೇ ಮಾಡಿಕೊಳ್ಳಲಿ ಎಂದು ಒಬ್ಬ ಸಿಟ್ಟಿನವನು. ಆಗ ಜಯಂತಿಯಕ್ಕ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದರು.

"ನಾವು ಸ್ಟ್ರೈಕ್ ಮಾಡಿದ್ದು ಗುತ್ತಿಗೆದಾರನ ಮೇಲೆ ಅಲ್ವಾ?" ಎಂದು ಕೇಳಿದರು. "ಗಾಡಿ ನಮಗೆ ಎಂತ ಮಾಡಿದೆ? ಪಾಪ, ಅದಕ್ಕೂ ವರ್ಷಕ್ಕೆ ಒಂದೇ ದಿನ ಸ್ನಾನ."

ಅಲ್ಲಿಗೆ ಚರ್ಚೆ ಮುಗಿಯಿತು. ಗಾಡಿಗಳನ್ನು ತಿಕ್ಕಿ ತೊಳೆದರು. ಕಸದ ಗಾಡಿ ತೊಳೆದ ಮೇಲೆ ಎಷ್ಟು ಚಂದ ಕಾಣುತ್ತದೆ ಎಂಬುದು ನೋಡದವರಿಗೆ ಹೇಳಿದರೆ ತಿಳಿಯದು. ಅರಶಿನ, ಕುಂಕುಮ, ಗೊಂಡೆ ಹೂವಿನ ಮಾಲೆ, ಎದುರಿಗೆ ಬಾಳೆಕಂದು. ಜಯಂತಿಯಕ್ಕ ಕರ್ಪೂರ ಹಚ್ಚಿದರು. ನಾನೇ ಆರಿಸಿಕೊಟ್ಟ ಲಿಂಬೆಹಣ್ಣುಗಳನ್ನು ಚಕ್ರಗಳ ಅಡಿಗೆ ಇಟ್ಟರು. ಲಿಂಬೆ ಇಟ್ಟ ಮೇಲೆ ಗಾಡಿ ಅದರ ಮೇಲೆ ಹತ್ತಿ ಹೋಗಲೇಬೇಕು, ಹೋದ ಮೇಲೆ ಒಂದು ಸುತ್ತು ತಿರುಗಿ ಬಂದು ಅದೇ ಜಾಗದಲ್ಲಿ ನಿಲ್ಲಲೇಬೇಕು. ಇದು ನಮ್ಮ ಕಡೆಯ ಪದ್ಧತಿ, ಸೈಕಲ್ಲಿನಿಂದ ಹಿಡಿದು ಬಸ್ಸಿನವರೆಗೆ ಎಲ್ಲಕ್ಕೂ ಒಂದೇ. ಉಮೇಶ ಚಪ್ಪಲಿ ಬಿಟ್ಟು ಮೇಲೆ ಹತ್ತಿದ, ಸ್ಟೇರಿಂಗಿಗೆ ಕೈಮುಗಿದ, ಕೀ ತಿರುಗಿಸಿದ.

ತಿರುಗಿಸಿದ್ದೇ ತಡ, ಗಾಡಿಯ ಹಾಡು ಶುರುವಾಯಿತು. ಹಸಿ ಕಸ ಒಣ ಕಸ ಬೇರೆ ಬೇರೆ ಕೊಡಿ ಎಂದು ದಿನವೂ ಬೊಬ್ಬೆ ಹೊಡೆಯುತ್ತ ಬರುವ ಆ ಹಾಡು ಕೀ ತಿರುಗಿಸಿದರೆ ತಾನಾಗಿಯೇ ಬರುತ್ತದೆ ಎಂಬುದನ್ನು ಆ ಭಕ್ತಿಯ ಗಡಿಬಿಡಿಯಲ್ಲಿ ಎಲ್ಲರೂ ಮರೆತಿದ್ದರು. ಗುಂಡಿ ಒತ್ತಿದರೂ ನಿಲ್ಲಲಿಲ್ಲ; ತೊಳೆಯುವಾಗ ಒಳಗೆ ನೀರು ಹೋಗಿರಬೇಕು. ಲಿಂಬೆ ಪಚಕ್ಕೆಂದು ಜಜ್ಜಿಹೋಯಿತು, ಹೂವಿನ ಗಾಡಿ ಹಾಡುತ್ತ ಓಣಿಗೆ ಇಳಿಯಿತು. ಅಲ್ಲಾಹ್, ಮತ್ತೆ ನೋಡಬೇಕಿತ್ತು! ಅಷ್ಟು ದಿನ ಕಸ ಕಟ್ಟಿಟ್ಟುಕೊಂಡು ಕುಳಿತಿದ್ದ ಇಡೀ ಓಣಿಯ ಹೆಂಗಸರು ಬಾಲ್ದಿ, ಚೀಲ, ಬುಟ್ಟಿ ಎಲ್ಲ ಹಿಡಿದುಕೊಂಡು ಓಡಿ ಬಂದರು. ಅವರ ಮುಂದಾಳಾಗಿ ನನ್ನ ಜೊಹರಾ.

"ಇವತ್ತು ಕಸ ಇಲ್ಲ ಅಕ್ಕ, ಪೂಜೆ ಮಾತ್ರ!" ಎಂದು ಉಮೇಶ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದ. "ಎಂತ ಪೂಜೆ, ಹಾಡು ಹಾಕಿ ಬಂದದ್ದು ಯಾಕೆ ಮತ್ತೆ?" ಎಂದು ಜೊಹರಾ ಬಾಲ್ದಿ ಎತ್ತಿಕೊಂಡು ಗಾಡಿಯ ಹಿಂದೆ ಹೋದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಜಯಂತಿಯಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ನಗು ಮರುದಿನವೇ ನಿಂತಿತು. ಗಾಡಿ ಎಲ್ಲಿ ಹೋಯಿತು ಎಲ್ಲಿ ನಿಂತಿತು ಎಂದು ತೋರಿಸುವ ಜಿಪಿಎಸ್ ಎಂಬ ಯಂತ್ರ ಅದರೊಳಗಿದೆ ಎಂಬುದು ಉಮೇಶನಿಗೆ ಗೊತ್ತಿತ್ತು, ಪೂಜೆಗೂ ಅದಕ್ಕೂ ಸಂಬಂಧವಿದೆ ಎಂದು ಅವನಿಗೆ ತೋಚಿರಲಿಲ್ಲ. ಗುತ್ತಿಗೆದಾರ ಎಲ್ಲಿಯೋ ಕುಳಿತು ತನ್ನ ಮೊಬೈಲಿನಲ್ಲಿ ನೋಡಿದ: ಮುಷ್ಕರದ ದಿನ ಗಾಡಿ ಓಣಿ ಸುತ್ತಿದೆ. ಮೆನೇಜರನಿಗೆ ಫೋನಿನಲ್ಲಿ ಬೈದ. ಮೆನೇಜರ್ ಬಯಲಿಗೆ ಬಂದು ಉಮೇಶನಿಗೆ ಬೈದ. ಅಪ್ಪಣೆ ಇಲ್ಲದೆ ಗಾಡಿ ಒಯ್ದದ್ದು ಕಳ್ಳತನ, ಪೊಲೀಸಿಗೆ ಕೊಡುತ್ತೇವೆ, ಕೆಲಸದಿಂದಲೂ ತೆಗೆಯುತ್ತೇವೆ ಎಂದ. ಉಳಿದವರು ಮುಷ್ಕರ ಬಿಟ್ಟರೆ ಅವರಿಗೆ ಏನೂ ಮಾಡುವುದಿಲ್ಲ, ಇವನೊಬ್ಬ ಹೋಗಬೇಕು ಎಂದೂ ಹೇಳಿದ.

ಆ ಸಂಜೆ ಉಮೇಶ ನನ್ನ ಅಂಗಡಿಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಚಾ ಕೇಳಲಿಲ್ಲ.

"ಕಾಕ, ನಾಳೆ ಲೇಬರ್ ಆಫೀಸಿನಲ್ಲಿ ಮೀಟಿಂಗ್ ಉಂಟು. ನೀವು ಬಂದು ಒಂದು ಮಾತು ಹೇಳ್ಬೇಕು. ಕಳ್ಳತನ ಅಲ್ಲ, ಲಿಂಬೆ ಇಟ್ಟದ್ದು ಅಂತ. ಅಮ್ಮನಿಗೆ ಪೊಲೀಸ್ ಅಂತ ಕೇಳಿದ್ರೇ ಜೀವ ಹೋದೀತು."

ಗುತ್ತಿಗೆದಾರನ ಕಚೇರಿಗೆ ಹಿಡಿಸೂಡಿ, ಫಿನಾಯಿಲು ಎಲ್ಲ ನನ್ನ ಅಂಗಡಿಯಿಂದಲೇ ಹೋಗುತ್ತಿದ್ದವು ಎಂಬುದನ್ನು ಇಲ್ಲಿ ಹೇಳದೆ ಇದ್ದರೆ ನಾನು ನಿಮಗೆ ವಂಚನೆ ಮಾಡಿದ ಹಾಗಾದೀತು. ಜೊಹರಾಳನ್ನು ಕೇಳಿದೆ. ಅವಳು ಕಾವಲಿಯಲ್ಲಿ ಬಂಗುಡೆ ಮೀನು ಮಗುಚುತ್ತಿದ್ದವಳು ತಿರುಗಿಯೂ ನೋಡದೆ, "ಹೋಗಿ ಹೇಳಿ ಬನ್ನಿ. ಆ ಹುಡುಗನ ಗಾಡಿಯ ಹಿಂದೆ ನಾನೂ ಓಡಿದ್ದೇನೆ, ಬೇಕಾದ್ರೆ ನನ್ನನ್ನೂ ಕರೀಲಿ" ಎಂದಳು.

ನಾನು ಇಸ್ತ್ರಿ ಹಾಕಿದ ಅಂಗಿ ತೊಟ್ಟು ಹೊರಟೆ. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡೆ. ಮಾನ್ಯರೇ, ಈ ಕರಾವಳಿಯಲ್ಲಿ ದುಡಿಮೆಯ ಸಾಧನವನ್ನು ಪೂಜಿಸುವುದು ಪರಂಪರೆ ಎಂದು ಆರಂಭ. ಲಿಂಬೆಗೂ ಕಳ್ಳತನಕ್ಕೂ ಇರುವ ಅಂತರವನ್ನು ಕುರಿತು ಮಧ್ಯಭಾಗ. ಕೊನೆಗೆ ಶ್ರಮದ ಘನತೆ. ಶಾಲೆಯಲ್ಲಿ ಕಲಿತ ಕನ್ನಡವನ್ನೆಲ್ಲ ಅಂದು ಖರ್ಚು ಮಾಡಿಬಿಡುವುದೆಂದು ತೀರ್ಮಾನಿಸಿದ್ದೆ. ನಮ್ಮೂರಿನಲ್ಲಿ ಜಗಳವಾಡಲು ತುಳು ಸಾಕು, ಆದರೆ ಫ್ಯಾನಿನ ಕೆಳಗೆ ಕುಳಿತು ನ್ಯಾಯ ಕೇಳುವಾಗ ಎಲ್ಲರೂ ಕನ್ನಡಕ್ಕೆ ಏರುತ್ತಾರೆ.

ಅಧಿಕಾರಿ ಘಟ್ಟದ ಮೇಲಿನ ಹೆಂಗಸು, ಸಮಾಧಾನದ ಮುಖ. ಒಂದು ಕಡೆ ಬೆಂಚಿನಲ್ಲಿ ಗಾಡಿಯವರೆಲ್ಲ ಒತ್ತಿಕೊಂಡು ಕುಳಿತಿದ್ದರು, ಇನ್ನೊಂದು ಕಡೆ ಮೆನೇಜರ್. ಅವನನ್ನು ನೋಡಿ ನನಗೆ ಅರೆಗಳಿಗೆ ಕನಿಕರವೂ ಆಯಿತು. ನಮ್ಮೂರಿನವನೇ, ಕಣ್ಣು ಕೆಂಪಗೆ, ನಿದ್ದೆ ಕೆಟ್ಟವನ ಹಾಗೆ. ಆದರೆ ಅವನು ಬಾಯಿ ತೆರೆದ ಕೂಡಲೇ ಆ ಕನಿಕರ ಹಾರಿಹೋಯಿತು.

"ಮೇಡಂ, ಇವರದ್ದು ಸ್ಟ್ರೈಕ್ ಎಲ್ಲ ನಾಟಕ. ಹಬ್ಬದ ದಿನ ಗಾಡಿ ತೆಗೆದುಕೊಂಡು ಹೋಗಿದ್ದಾನೆ. ಜಿಪಿಎಸ್‌ನಲ್ಲಿ ಉಂಟು, ನೋಡಿ." ಮೊಬೈಲನ್ನು ಮೇಜಿನ ಮೇಲಿಟ್ಟ.

"ಇವರೇ ತೆಗೆದುಕೊಂಡು ಹೋದರು ಅಂತ ಹೇಗೆ ಹೇಳ್ತೀರಿ?" ಎಂದು ಅಧಿಕಾರಿ ಕೇಳಿದರು. "ಬಯಲಲ್ಲಿ ಅಷ್ಟು ಜನ ಇದ್ದರು."

"ಇವನೇ ಮೇಡಂ! ಬೇರೆ ಯಾರು? ಆ ಗಾಡಿಯ ಕೀ ಇವನ ಹತ್ತಿರವೇ ಇರೋದು. ಅದರ ಗೇರ್ ಇವನಿಗೊಬ್ಬನಿಗೇ ಬೀಳೋದು. ಬಂದ ದಿನದಿಂದ ಅದರ ಡ್ರೈವರ್ ಇವನೇ ಅಲ್ವಾ, ದಿನಾ ಓಡಿಸೋದು ಇವನೇ, ಇಡೀ ಮಂಗಳೂರಿಗೆ ಗೊತ್ತುಂಟು!"

ಅಧಿಕಾರಿ ಎದುರಿಗಿದ್ದ ಕಡತದ ಹಾಳೆ ಹಿಂದಕ್ಕೆ ತಿರುವಿದರು. ಆಮೇಲೆ, ಮಗುವಿಗೆ ಮಗ್ಗಿ ತಪ್ಪಿದಾಗ ಕೇಳುವಷ್ಟೇ ಮೆಲ್ಲಗೆ, "ಹೋದ ಸಲ ಇವರು ಹೆಲ್ಪರ್ ಅಂದಿದ್ರಲ್ಲಪ್ಪ?" ಎಂದರು.

ಮೆನೇಜರ್ ಮೇಜಿನ ಮೇಲಿನ ಮೊಬೈಲನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು, ಜಯಂತಿಯಕ್ಕ ಅವರ ತೊಡೆಗೆ ಚಿವುಟಿದರು. ಅಧಿಕಾರಿ ಗುಮಾಸ್ತನ ಕಡೆ ತಿರುಗಿ, ಈಗ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ ಎಂದರು. ಅಪಘಾತವಾದರೆ ಹೆಲ್ಪರ್, ಲಿಂಬೆ ಜಜ್ಜಿದರೆ ಡ್ರೈವರ್. ಆ ಎರಡನ್ನೂ ಒಂದೇ ಬಾಯಿಯಲ್ಲಿ ಹಿಡಿದಿಟ್ಟುಕೊಳ್ಳಲು ಅವನಿಂದಲೂ ಆಗಲಿಲ್ಲ. ಮೆನೇಜರ್ ಹೊರಗೆ ಹೋಗಿ ಧಣಿಗೆ ಫೋನು ಮಾಡಿದ, ಬೆವರು ಒರೆಸಿಕೊಂಡು ಒಳಗೆ ಬಂದ. ದಸರಾದ ಜನ ಊರು ತುಂಬಿರುವಾಗ ಕಸದ ರಾಶಿ ಯಾರಿಗೂ ಬೇಡವಾಗಿತ್ತು. ಓಡಿಸುವವರನ್ನೆಲ್ಲ ಡ್ರೈವರ್ ಎಂದು ಬರೆಯುವುದು, ಇನ್ನು ಮುಂದೆ ಡ್ರೈವರನ ಕೂಲಿಯನ್ನೇ ಕೊಡುವುದು, ಕಳ್ಳತನದ ಮಾತನ್ನು ಬಿಟ್ಟುಬಿಡುವುದು ಎಂದು ಒಪ್ಪಂದವಾಯಿತು.

"ನೀವು ಯಾರು?" ಎಂದು ಅಧಿಕಾರಿ ಕೊನೆಗೆ ನನ್ನನ್ನು ಕೇಳಿದರು.

"ಸಾಕ್ಷಿ, ಮೇಡಂ."

"ಯಾವುದಕ್ಕೆ?"

"ಲಿಂಬೆಹಣ್ಣಿಗೆ," ಎಂದೆ. ಅವರು ನಕ್ಕರು. ನನ್ನ ಭಾಷಣ ಇಂದಿಗೂ ಹೊಟ್ಟೆಯೊಳಗೇ ಇದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಗಿರಾಕಿಗಳಿಗೆ ಹೇಳಿ ನಗಿಸಿ ಸುಮ್ಮನಾಗುತ್ತಿದ್ದೆ. ಒಪ್ಪಂದಕ್ಕೆ ಸಹಿ ಹಾಕಿಸುವ ಮೊದಲು ಅಧಿಕಾರಿ, ಇಲ್ಲಿ ಡ್ರೈವರುಗಳು ಯಾರ್ಯಾರು, ಈಚೆ ಬನ್ನಿ ಎಂದರು. ಗಂಡಸರು ಒಬ್ಬೊಬ್ಬರಾಗಿ ಎದ್ದು ಈಚೆ ಬಂದರು, ಅವರ ಮುಖಗಳಲ್ಲಿ ಬೆಳಕಿತ್ತು. ಆಚೆಯ ಬೆಂಚು ಖಾಲಿಯಾದೀತೆಂದು ನಾನು ತಿಳಿದಿದ್ದೆ. ಅದು ಖಾಲಿಯಾಗಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನ, ಜಯಂತಿಯಕ್ಕನೂ ಅವರ ಜೊತೆಯ ಹೆಂಗಸರೂ ಇನ್ನು ಕೆಲವು ಗಂಡಸರೂ, ಅಲ್ಲಿಯೇ ಕುಳಿತಿದ್ದರು. ಅವರಲ್ಲಿ ಯಾರೂ ಡ್ರೈವರುಗಳಲ್ಲ. ಅಷ್ಟು ದಿನ ಕೆಲಸಕ್ಕೆ ಹೋಗದೆ, ಕೂಲಿ ಬಿಟ್ಟು, ಬಿಸಿಲಿನಲ್ಲಿ ಕುಳಿತು ಅವರು ಕೇಳಿದ್ದು ಇನ್ನೊಬ್ಬರ ಹೆಸರಿಗಾಗಿ, ಇನ್ನೊಬ್ಬರ ಕೂಲಿಗಾಗಿ.

ಇದು ಉಮೇಶನಿಗೂ ಆ ಕ್ಷಣದಲ್ಲೇ ಕಂಡಿರಬೇಕು. ಪೆನ್ನು ಹಿಡಿದವನು ನಿಂತುಬಿಟ್ಟ. "ಮೇಡಂ, ಇವರದ್ದು? ವಾರಕ್ಕೊಂದು ರಜೆ ಮಾಡಿದ್ರೆ ಇವರಿಗೆ ಆ ದಿನದ ಕೂಲಿ ಇಲ್ಲ."

"ನಿಮ್ಮ ಬೇಡಿಕೆಯಲ್ಲಿ ಅದು ಇಲ್ಲವಲ್ಲಪ್ಪ," ಎಂದರು ಅಧಿಕಾರಿ. ಅವರ ದನಿಯಲ್ಲಿ ಬೇಸರವಿತ್ತು. "ಅದನ್ನು ಬೇರೆಯಾಗಿ ಕೊಡಿ, ನೋಡೋಣ."

"ಸೈನ್ ಹಾಕು ಮಾರಾಯ," ಎಂದು ಬೆಂಚಿನಿಂದಲೇ ಜಯಂತಿಯಕ್ಕ ಹೇಳಿದರು. "ಊರು ನಾರ್ತಾ ಉಂಟು."

ಉಮೇಶ ಸಹಿ ಹಾಕಿದ.

ನ್ಯಾಯವಾದ ಕೂಲಿಯ ಬಗ್ಗೆ ನಾವು ಮಾತಾಡುವಾಗ ಯಾವಾಗಲೂ ಕೊಡುವವನು, ಪಡೆಯುವವನು ಎಂಬ ಇಬ್ಬರನ್ನೇ ನೆನೆಯುತ್ತೇವೆ. ಪಡೆಯುವವನ ಬೆನ್ನ ಹಿಂದೆ ತಾವು ಏನನ್ನೂ ಪಡೆಯದೆ ನಿಂತಿರುವವರ ಲೆಕ್ಕ ನನ್ನಂಥ ಲೆಕ್ಕದವನಿಗೂ ಹೊಳೆದಿರಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನಾನು ಜಯಂತಿಯಕ್ಕನ ಹಿಂದಿನ ಸೀಟಿನಲ್ಲಿದ್ದೆ. ನಿಮಗೆ ಇದರಲ್ಲಿ ಎಂತ ಸಿಕ್ಕಿತು ಅಂತ ಕೇಳಿಯೇ ಬಿಟ್ಟೆ. ಅವರು ನನ್ನ ಪ್ರಶ್ನೆ ಅರ್ಥವೇ ಆಗದವರಂತೆ ತಿರುಗಿ ನೋಡಿದರು.

"ಅವ ಡ್ರೈವರ್ ಅಲ್ವಾ ಕಾಕ?" ಎಂದರು. "ಡ್ರೈವರನ್ನು ಮತ್ತೆ ಎಂತ ಹೇಳೋದು?"

ಅಷ್ಟು ದಿನದ ಕಸವನ್ನು ಎತ್ತುವುದು ಅವರೇ, ಡ್ರೈವರುಗಳಲ್ಲ ಎಂಬುದೂ ನನಗೆ ಬಸ್ಸಿನಲ್ಲೇ ಹೊಳೆದದ್ದು. ನನಗೆ ನಿಜವಾಗಿ ದುಃಖವಾಯಿತು.

ಮಧ್ಯಾಹ್ನ ಕಳೆದು ಗಾಡಿಗಳು ಬಯಲಿನಿಂದ ಹೊರಟವು. ಉಮೇಶನ ಗಾಡಿ ಬಾಡಿದ ಮಾಲೆಯ ಸಮೇತ ನನ್ನ ಅಂಗಡಿಯ ಎದುರಿನ ರಾಶಿಯ ಬಳಿ ಬಂದು ನಿಂತಿತು. ಜಯಂತಿಯಕ್ಕ ಮೂಗಿಗೆ ಶಾಲು ಸುತ್ತಿಕೊಂಡು ಬುಟ್ಟಿ ಹಿಡಿದು ಇಳಿದರು. ಉಮೇಶ ಕೀ ತೆಗೆದ, ಹಾಡು ನಿಂತಿತು. ಅವನೂ ಇಳಿದು ಬಂದು, ಪ್ಯಾಂಟು ಮೊಣಕಾಲಿಗೆ ಮಡಚಿ, ಇನ್ನೊಂದು ಬುಟ್ಟಿ ಎತ್ತಿಕೊಂಡ.

"ನಿನಗೆ ಎಂತ ಹುಚ್ಚಾ? ಈಗಷ್ಟೇ ಡ್ರೈವರ್ ಆಗಿದ್ದಿ. ಮೇಲೆ ಹೋಗಿ ಕೂತ್ಕೋ," ಎಂದು ಅವರು ಗದರಿಸಿದರು.

"ಇವತ್ತೊಂದು ದಿನ ಅವರು ಹೆಲ್ಪರ್ ಅಂತ ಬರೆದುಕೊಂಡಿದ್ದ ಹಾಗೆಯೇ ಇರ್ತೇನೆ ಅಕ್ಕ," ಎಂದು ಅವನು ಬಗ್ಗಿ ಮೀನಿನ ತಲೆಗಳನ್ನು ಕೈಯಿಂದಲೇ ಬಾಚಿದ.

ಇಬ್ಬರೂ ಬಹಳ ಹೊತ್ತು ಎತ್ತಿದರು. ನಾನು ನೀರು ತುಂಬಿದ ಬಾಲ್ದಿ, ಹಿಡಿಸೂಡಿ ತಂದು ಗುಡಿಸಿದೆ; ನನ್ನಿಂದ ಆದದ್ದು ಅಷ್ಟೇ. ರಾಶಿ ಕರಗಿ ನೆಲ ಕಂಡಾಗ ಜಯಂತಿಯಕ್ಕ ಸೊಂಟ ಹಿಡಿದುಕೊಂಡು ನೆಟ್ಟಗಾದರು. ಶಾಲನ್ನು ಮೂಗಿನಿಂದ ಕೆಳಗೆ ಎಳೆದು, ಉಮೇಶನ ಮುಖವನ್ನು ನೇರವಾಗಿ ನೋಡಿದರು. ಈ ಸಲ ನಗಲಿಲ್ಲ.

"ಇವತ್ತಿನದ್ದು ಸರಿ. ನಮ್ಮ ರಜೆಯ ವಿಷಯ ಬರುವಾಗ ನೀನು ಗಾಡಿ ನಿಲ್ಲಿಸ್ತೀಯಾ?"

ಉಮೇಶನಿಗೆ ಈಗ ಕಳೆದುಕೊಳ್ಳಲು ಒಂದು ಹೆಸರಿತ್ತು, ಒಳ್ಳೆಯ ಕೂಲಿಯಿತ್ತು, ವಾಮಂಜೂರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬರುವ ತಾಯಿಯಿದ್ದಳು. ಅವನು ಕೈಯಲ್ಲಿದ್ದ ಬುಟ್ಟಿಯನ್ನು ನೋಡಿದ, ಗಾಡಿಯನ್ನು ನೋಡಿದ, ಆಮೇಲೆ ಅವರನ್ನು ನೋಡಿದ.

"ನಿಲ್ಲಿಸ್ತೇನೆ ಅಕ್ಕ," ಎಂದ.

ನಾನು ಹಿಡಿಸೂಡಿ ಹಿಡಿದು ಅಲ್ಲಿಯೇ ನಿಂತಿದ್ದೆ, ಸ್ಪಷ್ಟವಾಗಿ ಕೇಳಿಸಿತು. ಈಗ ನೀವೂ ಕೇಳಿದಿರಿ.